‘ಚಾರ್ಜ್’: ಒಂದು ದಿನಬಳಕೆಯ ಇಂಗ್ಲಿಷ್ ಪದದ ನಾನಾರ್ಥ ವಿಚಾರ

1. ಪ್ರಸ್ತಾವನೆ

ಒಂದೇ ಪದಕ್ಕೆ ಹಲವು ಅರ್ಥಗಳಿರುವುದು ಯಾವ ಭಾಷೆಗೂ ಹೊಸತಲ್ಲ. ಸಂಸ್ಕೃತ ಕೋಶಕಾರರು ಇಂತಹ ಪದಗಳನ್ನು ‘ನಾನಾರ್ಥ’ಗಳೆಂದು ಕರೆದು ಅವುಗಳಿಗೆ ಪ್ರತ್ಯೇಕ ವರ್ಗವನ್ನೇ ಮೀಸಲಿಟ್ಟರು, ಕನ್ನಡದ ಪ್ರಾಚೀನ ನಿಘಂಟುಕಾರರೂ ಅದೇ ಮಾರ್ಗವನ್ನು ಹಿಡಿದರು. ಆದರೆ ಕನ್ನಡಿಗರ ನಿತ್ಯವ್ಯವಹಾರದೊಳಗೆ ಬಂದು ನೆಲೆಸಿರುವ ಇಂಗ್ಲಿಷ್ ಪದಗಳನ್ನು ನಾವು ಸಾಮಾನ್ಯವಾಗಿ ಈ ಕಣ್ಣಿನಿಂದ ನೋಡುವುದಿಲ್ಲ. ಅವು ಎಲ್ಲರಿಗೂ ತಿಳಿದ ಪದಗಳೆಂದು ಭಾವಿಸಿ ಮುಂದೆ ಸಾಗುತ್ತೇವೆ. ತಿಳಿದ ಪದವೇ ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ಅನುಭವ. ತಿಳಿಯದ ಪದ ಎದುರಾದಾಗ ಓದುಗನು ನಿಘಂಟನ್ನು ತೆರೆಯುತ್ತಾನೆ. ತಿಳಿದ ಪದಕ್ಕೆ ನಿಘಂಟನ್ನು ತೆರೆಯುವವರು ಯಾರು?

ಪ್ರಕೃತ ಲೇಖನದಲ್ಲಿ ‘ಚಾರ್ಜ್’ ಎಂಬ ಒಂದೇ ಪದವನ್ನು ಆರಿಸಿಕೊಂಡು, ಅದರ ಹಲವು ಅರ್ಥಗಳನ್ನು ಅರಿಯುವುದಕ್ಕೂ ನೆನಪಿನಲ್ಲಿಡುವುದಕ್ಕೂ ನಮ್ಮ ನಾನಾರ್ಥ ಪರಂಪರೆಯಿಂದ ಯಾವ ನೆರವು ದೊರೆಯಬಹುದೆಂಬುದನ್ನು ವಿವರಿಸಲು ಪ್ರಯತ್ನಿಸಿದ್ದೇವೆ. ಕರ್ನಾಟಕದ ಹೊರಗೆ ಕನ್ನಡವನ್ನು ಕಲಿಸುವ, ಕನ್ನಡಕ್ಕೆ ಅನುವಾದಿಸುವ, ಎರಡು ಮೂರು ಭಾಷೆಗಳ ನಡುವೆ ನಿತ್ಯ ಓಡಾಡುವ ಸಂಶೋಧಕ ಮಿತ್ರರಿಗೆ ಈ ವಿಚಾರವು ಉಪಯುಕ್ತವಾದೀತೆಂಬ ನಂಬಿಕೆ ನಮ್ಮದು.

2. ಒಂದು ಪತ್ರದ ಪ್ರಸಂಗ

ಈ ಪದದ ಕಡೆಗೆ ನಮ್ಮ ಗಮನ ಹರಿದುದು ಗ್ರಂಥಗಳಿಂದಲ್ಲ. 2017ರಲ್ಲಿ ನಾವು ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಕನ್ನಡ ಓಲೆಗರಿಗಳನ್ನು ನೋಡುವ ಸಲುವಾಗಿ ತಿರುವಲ್ಲಿಕ್ಕೇಣಿಯಲ್ಲಿ ಕೆಲವು ವಾರ ತಂಗಿದ್ದೆವು. ನಾವು ಊಟಕ್ಕೆ ಹೋಗುತ್ತಿದ್ದ ಮೆಸ್ಸಿಗೆ ಬರುತ್ತಿದ್ದವರಲ್ಲಿ ತಾಳವಾಡಿ ಕಡೆಯ ಒಬ್ಬ ಗೃಹಸ್ಥರಿದ್ದರು. ತಾಳವಾಡಿಯು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ, ಕನ್ನಡ ಮಾತನಾಡುವ ಗಡಿನಾಡು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಗದದಲ್ಲಿ ಇಂಗ್ಲಿಷ್ ಎಂಬುದು ಆ ಕಡೆಯಿಂದ ನಗರಕ್ಕೆ ದುಡಿಯಲು ಬಂದ ಅನೇಕರ ಸ್ಥಿತಿ. ಇವರು ಬ್ಯಾಟರಿಗಳನ್ನು ಮಾರುವ ಒಂದು ಖಾಸಗಿ ಸಂಸ್ಥೆಯ ಗೋದಾಮನ್ನು ನೋಡಿಕೊಳ್ಳುತ್ತಿದ್ದರು.

ಒಂದು ರಾತ್ರಿ ಊಟವಾದ ಮೇಲೆ ಅವರು ಮಡಿಸಿದ ಒಂದು ಕಾಗದವನ್ನು ನಮ್ಮ ಮುಂದಿಟ್ಟು, “ಸಾರ್, ಇದನ್ನೊಂದು ಸ್ವಲ್ಪ ಓದಿ ಹೇಳಿ. ಚಾರ್ಜ್ ಕಟ್ಟಬೇಕು ಅಂತ ಬಂದದೆ. ದುಡ್ಡು ಹೊಂದಿಸಿದ್ದೀನಿ, ಎಷ್ಟು ಅಂತ ಮಾತ್ರ ಗೊತ್ತಾಗಲಿಲ್ಲ” ಎಂದರು. ಹಣವನ್ನು ಸಾಲವಾಗಿ ತಂದಿದ್ದರು. ಉತ್ತರಕ್ಕೆ ಏಳು ದಿನಗಳ ಗಡುವು. ಅದರಲ್ಲಿ ನಾಲ್ಕು ದಿನಗಳು ಕಳೆದಿದ್ದವು.

ಒಂದು ಪುಟದ ಆ ಪತ್ರದಲ್ಲಿ ‘ಚಾರ್ಜ್’ ಎಂಬ ಪದವು ಐದು ಕಡೆ ಬಂದಿತ್ತು. ಇಂತಹ ದಿನದಂದು ಅವರು ಗೋದಾಮಿನ ಚಾರ್ಜ್ ವಹಿಸಿಕೊಂಡರು ಎಂಬುದು ಮೊದಲನೆಯದು. ದಾಸ್ತಾನಿನ ಸುರಕ್ಷತೆಯೊಡನೆ ಅವರು ಚಾರ್ಜ್ ಆಗಿದ್ದರು ಎಂಬ ಇಂಗ್ಲಿಷ್ ವಾಕ್ಯರಚನೆ ಎರಡನೆಯದು. ಚಾರ್ಜ್ ಆದ ಹದಿನಾಲ್ಕು ಬ್ಯಾಟರಿಗಳು ಲೆಕ್ಕಕ್ಕೆ ಸಿಕ್ಕಿಲ್ಲ ಎಂಬುದು ಮೂರನೆಯದು. ಹಿಂದೆ ಬಂದ ಸರಕಿನ ಸಾಗಣೆಯ ಚಾರ್ಜುಗಳ ವಿಚಾರ ನಾಲ್ಕನೆಯದು. ಆದಕಾರಣ ಅವರನ್ನು ನಿರ್ಲಕ್ಷ್ಯದೊಡನೆ ಚಾರ್ಜ್ ಮಾಡಲಾಗಿದೆ, ಉತ್ತರಿಸತಕ್ಕದ್ದು ಎಂಬುದು ಐದನೆಯದು. ಅವರು ಹಿಡಿದುಕೊಂಡಿದ್ದುದು ನಾಲ್ಕನೆಯ ಅರ್ಥವನ್ನು ಮಾತ್ರ. ಏಕೆಂದರೆ ಬಸ್ ಚಾರ್ಜು, ಆಟೋ ಚಾರ್ಜು ಎಂಬ ಬಳಕೆಯಿಂದ ಅವರಿಗೆ ಪರಿಚಿತವಾಗಿದ್ದುದು ಅದೊಂದೇ. ಮರುದಿನ ಹೋಗಿ ಹಣ ಕಟ್ಟಿಬಿಟ್ಟಿದ್ದರೆ ತಪ್ಪನ್ನು ಒಪ್ಪಿಕೊಂಡಂತೆಯೇ ಆಗುವ ಸಂಭವವಿತ್ತು.

ನಾವು ಪತ್ರವನ್ನು ಓದಿ, “ಇದರಲ್ಲಿ ನಿಮ್ಮ ಮೇಲೆ ಎರಡು ಆರೋಪಗಳಿವೆ, ಒಂದು ದಾಸ್ತಾನಿನ ವಿಷಯ, ಇನ್ನೊಂದು ನಿರ್ಲಕ್ಷ್ಯ. ಎರಡನ್ನೂ ನಿರಾಕರಿಸಿ ಬರೆಯಬೇಕು” ಎಂದೆವು. ಅವರು ಎರಡನೆಯ ವಾಕ್ಯವನ್ನು ಇನ್ನೊಮ್ಮೆ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಂಡು, “ಅದು ತಪ್ಪಲ್ಲ ಸಾರ್. ದಾಸ್ತಾನು ಕಾಯೋದು ನನ್ನ ಪೊಱುಪ್ಪು. ಅದನ್ನ ಇಲ್ಲ ಅಂದರೆ ಹೆಂಗೆ?” ಎಂದರು. ಅವರು ಹೇಳಿದ್ದೇ ಸರಿ. ಎರಡನೆಯ ವಾಕ್ಯವು ಆರೋಪವಲ್ಲ, ವಹಿಸಿದ ಹೊಣೆಯ ಉಲ್ಲೇಖ. ನಮ್ಮ ಮಾತಿನಂತೆ ಬರೆದಿದ್ದರೆ, ಸ್ವಂತ ಸಹಿ ಹಾಕಿ ವಹಿಸಿಕೊಂಡ ಕೆಲಸವನ್ನೇ ತನ್ನದಲ್ಲವೆಂದು ಆತನು ಬರೆದುಕೊಟ್ಟಂತಾಗುತ್ತಿತ್ತು. ಹಗಲೆಲ್ಲ ನಾನಾರ್ಥ ನಿಘಂಟುಗಳ ಓಲೆಗಳನ್ನು ತಿರುವುತ್ತಿದ್ದ ನಾವು ರಾತ್ರಿ ಒಂದು ದಿನಬಳಕೆಯ ಪದದ ನಾನಾರ್ಥದಲ್ಲಿ ಎಡವಿದೆವು. ನಮ್ಮನ್ನು ತಿದ್ದಿದ್ದು ಇಂಗ್ಲಿಷ್ ಓದಲಾರದ ಒಬ್ಬರು ಬಳಸಿದ ಒಂದು ತಮಿಳು ಪದ. ಆ ಪದಕ್ಕೆ ಮುಂದೆ ಮರಳಿ ಬರುತ್ತೇವೆ.

3. ಕೋಶಗಳು ಕಲಿಸುವ ಪಾಠ

ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂಬ ಭಾಗವಿದೆ. ಅಲ್ಲಿ ಪದಗಳನ್ನು ಅವುಗಳ ಕೊನೆಯ ವ್ಯಂಜನದ ಪ್ರಕಾರ ಜೋಡಿಸಲಾಗಿದೆ. ಕನ್ನಡದಲ್ಲಿ ನಾಗವರ್ಮನ ಅಭಿಧಾನವಸ್ತುಕೋಶವು ಏಕಾರ್ಥ, ನಾನಾರ್ಥ, ಸಾಮಾನ್ಯ ಎಂಬ ವಿಭಾಗಗಳನ್ನು ಮಾಡಿಕೊಂಡು ಕನ್ನಡ ಕಾವ್ಯಗಳಲ್ಲಿ ಬಳಕೆಯಾಗುವ ಸಂಸ್ಕೃತ ಪದಗಳಿಗೆ ಅರ್ಥ ಹೇಳುತ್ತದೆ. ದೇವೋತ್ತಮನು ನಾನಾರ್ಥರತ್ನಾಕರವೆಂಬ ಕೃತಿಯನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟನು. ಇವೆಲ್ಲವೂ ಪದ್ಯರೂಪದಲ್ಲಿವೆ. ಕಾರಣ ಸ್ಪಷ್ಟ: ಅವು ಬೇಕಾದಾಗ ತೆರೆದು ನೋಡುವ ಗ್ರಂಥಗಳಾಗಿರದೆ, ಬಾಯಿಪಾಠ ಮಾಡಿ ಒಳಗಿಟ್ಟುಕೊಳ್ಳುವ ಗ್ರಂಥಗಳಾಗಿದ್ದವು. ಅರಿವು ಮತ್ತು ನೆನಪು ಇವೆರಡನ್ನೂ ಆ ಕೋಶಕಾರರು ಒಂದೇ ಕಾರ್ಯವೆಂದು ತಿಳಿದಿದ್ದರು.

ಆಧುನಿಕ ನಿಘಂಟುಗಳ ಮಾರ್ಗ ಬೇರೆ. ಕನ್ನಡದ ಮಟ್ಟಿಗೆ ಈ ಮಾರ್ಗದ ಆರಂಭವೂ ಚೆನ್ನೈ ನಗರದ ಜೊತೆಗೇ ಸೇರಿಕೊಂಡಿದೆ ಎಂಬುದು ಗಮನಾರ್ಹ. ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಅಂದಿನ ಮದರಾಸಿನಲ್ಲಿ ಅಚ್ಚಾದವು. ಫರ್ಡಿನಾಂಡ್ ಕಿಟ್ಟೆಲ್ ಅವರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು, ಅದನ್ನು ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯದ ಮೂಲಕ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದರು. ನಾನಾರ್ಥರತ್ನಾಕರದಂತಹ ಹಳೆಯ ಕೋಶಗಳನ್ನೂ ಕಿಟ್ಟೆಲರು ಆಕರಗಳಾಗಿ ಬಳಸಿಕೊಂಡಿದ್ದಾರೆ.

ಈ ಆಧುನಿಕ ಕೋಶಗಳ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೂ ದ್ವಿಭಾಷಾ ನಿಘಂಟಿನಲ್ಲಿ ಅರ್ಥಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಪೋಣಿಸುವ ಪದ್ಧತಿಯಿಂದ ಓದುಗನಲ್ಲಿ ಒಂದು ಭ್ರಮೆ ಹುಟ್ಟುತ್ತದೆ. ಅರ್ಥಗಳು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ವಸ್ತುಗಳೆಂದೂ, ಮೊದಲು ಬಂದುದೇ ಮುಖ್ಯವೆಂದೂ ಆತನಿಗೆ ತೋರುತ್ತದೆ. ಬಿಡಿ ವಸ್ತುಗಳ ಪಟ್ಟಿ ನೆನಪಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ಈ ಅರ್ಥಗಳನ್ನು ಒಟ್ಟಿಗೆ ಹಿಡಿದಿರುವ ಎಳೆ ಯಾವುದು? ಒಂದು ವಾಕ್ಯದಲ್ಲಿ ಅವುಗಳ ಪೈಕಿ ಯಾವುದನ್ನು ಗ್ರಹಿಸಬೇಕೆಂದು ನಿರ್ಣಯಿಸುವುದು ಹೇಗೆ?

4. ಮೂಲದಲ್ಲಿ ಒಂದು ಬಂಡಿ

ಮೊದಲನೆಯ ಪ್ರಶ್ನೆಗೆ ಪದದ ಚರಿತ್ರೆಯಲ್ಲಿ ಉತ್ತರವಿದೆ. ಲ್ಯಾಟಿನ್ ಭಾಷೆಯಲ್ಲಿ ‘ಕರ್ರುಸ್’ ಎಂದರೆ ಸರಕು ಸಾಗಿಸುವ ಬಂಡಿ. ಅದರಿಂದ ಬಂಡಿಗೆ ಹೊರೆ ಹೇರುವುದು ಎಂಬ ಅರ್ಥದ ‘ಕರ್ರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು. ಅದು ಪ್ರಾಚೀನ ಫ್ರೆಂಚಿನಲ್ಲಿ ರೂಪಾಂತರ ಹೊಂದಿ 13ನೆಯ ಶತಮಾನದ ವೇಳೆಗೆ ಇಂಗ್ಲಿಷನ್ನು ಸೇರಿತು. ಕನ್ನಡದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದ ಶತಮಾನವೂ ಅದೇ. ಇಂದು ನಾವು ಬಳಸುವ ‘ಕಾರು’, ‘ಕಾರ್ಗೋ’ ಎಂಬ ಪದಗಳೂ, ವ್ಯಂಗ್ಯಚಿತ್ರವೆಂಬ ಅರ್ಥದ ‘ಕ್ಯಾರಿಕೇಚರ್’ ಎಂಬುದೂ ಇದೇ ಬಂಡಿಯ ವಂಶಕ್ಕೆ ಸೇರಿದವು. ಮುಖಲಕ್ಷಣಗಳ ಮೇಲೆ ಅತಿಯಾಗಿ ಹೊರೆ ಹೇರಿದ ಚಿತ್ರವೇ ಕ್ಯಾರಿಕೇಚರ್.

ಹೊರೆ ಎಂಬ ಈ ಮೂಲಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಿಡಿಬಿಡಿಯಾಗಿ ತೋರುತ್ತಿದ್ದ ಅರ್ಥಗಳು ಒಂದೊಂದಾಗಿ ಹತ್ತಿರ ಬರುತ್ತವೆ. ಒಬ್ಬನ ಹೆಗಲಿಗೆ ಕೆಲಸದ ಹೊರೆಯನ್ನು ಏರಿಸಿದರೆ ಅದು ಅಧಿಕಾರದ ಚಾರ್ಜ್. ತಪ್ಪಿನ ಹೊರೆಯನ್ನು ಏರಿಸಿದರೆ ಆರೋಪ. ಹಣದ ಹೊರೆಯನ್ನು ಏರಿಸಿದರೆ ಶುಲ್ಕ. ಆಸ್ತಿಯ ಮೇಲೆ ಸಾಲದ ಹೊರೆ ಕುಳಿತರೆ ಅದೂ ಚಾರ್ಜ್. 1882ರ ಆಸ್ತಿ ವರ್ಗಾವಣೆ ಅಧಿನಿಯಮದ 100ನೆಯ ಕಲಂ ಈ ಅರ್ಥದ ಚಾರ್ಜನ್ನು ವಿವರಿಸುತ್ತದೆ, ಕನ್ನಡದಲ್ಲಿ ಇಂತಹದನ್ನು ‘ಋಣಭಾರ’ ಎನ್ನುತ್ತೇವೆ. ಬಂದೂಕಿಗೆ ಮದ್ದು ತುಂಬುವುದೂ ಹೊರೆ ಹೇರುವುದೇ. 18ನೆಯ ಶತಮಾನದಲ್ಲಿ ವಿದ್ಯುತ್ತನ್ನು ಕುರಿತ ಪ್ರಯೋಗಗಳು ನಡೆದಾಗ ಮದ್ದು ತುಂಬುವ ಈ ಮಾತೇ ವಿದ್ಯುತ್ತನ್ನು ತುಂಬಿಡುವುದಕ್ಕೂ ಸಂದಿತು. ಆಯುಧವನ್ನು ಸಜ್ಜುಗೊಳಿಸಿ ಹಿಡಿದು ಮುನ್ನುಗ್ಗುವುದರಿಂದ ಆಕ್ರಮಣದ ಅರ್ಥ ಬಂದಿತು. ಪತ್ರಿಕೆಗಳಲ್ಲಿ ನಾವು ಓದುವ ‘ಲಾಠಿ ಚಾರ್ಜ್’ ಈ ಕವಲಿನದು.

ಹೀಗೆ ಒಂದು ಚಿತ್ರದಿಂದ ಹಲವು ಅರ್ಥಗಳು ಕವಲೊಡೆಯುವುದು ಇಂಗ್ಲಿಷಿಗೆ ಮಾತ್ರ ಸೀಮಿತವಾದ ವಿಲಕ್ಷಣವಲ್ಲ. ಕನ್ನಡವೂ ಅದೇ ದಾರಿಯಲ್ಲಿ ನಡೆದಿದೆ. ನಾವು ಆರೋಪವನ್ನು ‘ಹೊರಿಸುತ್ತೇವೆ’, ಹೊಣೆಯನ್ನು ‘ಹೊರುತ್ತೇವೆ’, ತೆರಿಗೆಯನ್ನು ‘ಹೇರುತ್ತೇವೆ’. ‘ಆರೋಪ’ ಎಂಬ ಸಂಸ್ಕೃತ ಪದದ ಮೂಲಾರ್ಥವೂ ಮೇಲೇರಿಸುವುದು, ಮೇಲಿಡುವುದು ಎಂದೇ ಆಗಿದೆ. ಅಲಂಕಾರಶಾಸ್ತ್ರದಲ್ಲಿ ಮುಖದ ಮೇಲೆ ಚಂದ್ರತ್ವವನ್ನು ಆರೋಪಿಸಿದರೆ ರೂಪಕ. ನ್ಯಾಯಾಲಯದಲ್ಲಿ ಮನುಷ್ಯನ ಮೇಲೆ ಅಪರಾಧವನ್ನು ಆರೋಪಿಸಿದರೆ ಮೊಕದ್ದಮೆ. ಕ್ರಿಯೆ ಒಂದೇ, ಏರಿಸುವ ವಸ್ತು ಬೇರೆ. ಕಚೇರಿಗಳಲ್ಲಿ ತಾತ್ಕಾಲಿಕವಾಗಿ ಅಧಿಕಾರ ವಹಿಸಿಕೊಂಡವರನ್ನು ‘ಪ್ರಭಾರ’ ಎಂಬ ಪದದಿಂದ ಸೂಚಿಸುತ್ತೇವೆ. ಅದರೊಳಗೂ ‘ಭಾರ’ವೇ ಇದೆ.

ಇಲ್ಲಿ ತಾಳವಾಡಿಯ ಗೃಹಸ್ಥರು ಆಡಿದ ‘ಪೊಱುಪ್ಪು’ ಎಂಬ ಪದಕ್ಕೆ ಬರಬಹುದು. ತಮಿಳುನಾಡಿನ ಸರ್ಕಾರಿ ಕಾಗದಪತ್ರಗಳಲ್ಲಿ ಹುದ್ದೆಯ ಹೆಸರಿನ ಮುಂದೆ ಕಂಸದಲ್ಲಿ ಈ ಪದವಿದ್ದರೆ, ಆ ಅಧಿಕಾರಿಯು ಆ ಸ್ಥಾನದ ಪ್ರಭಾರದಲ್ಲಿದ್ದಾರೆಂದು ಅರ್ಥ. ಇದು ಹೊರು, ತಾಳು ಎಂಬ ಅರ್ಥದ ‘ಪೊಱು’ ಎಂಬ ಧಾತುವಿನಿಂದ ಬಂದುದು. ಹಳಗನ್ನಡದ ‘ಪೊಱು’, ‘ಪೊಱೆ’ ಎಂಬವು ಇದರ ಒಡಹುಟ್ಟುಗಳು. ಅವೇ ಪಕಾರವು ಹಕಾರವಾಗಿ ನಮ್ಮ ‘ಹೊರು’, ‘ಹೊರೆ’ಗಳಾದವು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವು ಇವನ್ನು ಒಂದೇ ನಮೂದಿನಡಿ ಸೇರಿಸಿದೆ. ಮಧ್ಯಕಾಲದ ನಂತರ ಕನ್ನಡವು ಕಳೆದುಕೊಂಡ ಱಕಾರವನ್ನು ತಮಿಳು ಲಿಪಿ ಇಂದಿಗೂ ಉಳಿಸಿಕೊಂಡಿದೆ. ಆ ಅಕ್ಷರವನ್ನು ನಮ್ಮವರು ಶಕಟರೇಫವೆಂದು, ಅಂದರೆ ಬಂಡಿಯ ರಕಾರವೆಂದು ಕರೆಯುತ್ತಾರೆ. ಲ್ಯಾಟಿನ್ನಿನ ಬಂಡಿಗೂ ಇದಕ್ಕೂ ಸಂಬಂಧವೇನೂ ಇಲ್ಲ. ಆದರೆ ನೆನಪಿಗೆ ಇಂತಹ ಆಕಸ್ಮಿಕಗಳೂ ನೆರವಾಗುತ್ತವೆ.

ಎಲ್ಲ ಅರ್ಥಗಳಿಗೂ ಭಾಷೆಗಳು ಒಂದೇ ಚಿತ್ರವನ್ನು ಹಿಡಿಯುತ್ತವೆಂದು ಹೇಳಲಾಗದು. ವಿದ್ಯುತ್ತಿನ ಚಾರ್ಜನ್ನು ಕನ್ನಡ ವಿಜ್ಞಾನಗ್ರಂಥಗಳು ‘ವಿದ್ಯುದಾವೇಶ’ ಎಂದವು. ಆವೇಶವೆಂದರೆ ಒಳಹೊಗುವುದು, ಮೈಮೇಲೆ ದೇವರು ಬರುವುದಕ್ಕೂ ನಾವು ಅದೇ ಪದವನ್ನು ಬಳಸುತ್ತೇವೆ. ತಮಿಳು ಅದನ್ನು ‘ಮಿನ್ನೂಟ್ಟಂ’ ಎಂದಿತು. ಅಂದರೆ ಮಿಂಚನ್ನು ಊಡುವುದು. ಇಂಗ್ಲಿಷ್ ಹೊರೆಯನ್ನು ಕಂಡಲ್ಲಿ ಕನ್ನಡವು ಆವೇಶವನ್ನೂ ತಮಿಳು ಊಟವನ್ನೂ ಕಂಡಿದೆ. ಇಂತಹ ವ್ಯತ್ಯಾಸಗಳನ್ನು ಗುರುತಿಸುವುದು ತೌಲನಿಕ ಅಧ್ಯಯನದ ಒಂದು ಫಲ.

5. ಒಂದು ಎಚ್ಚರಿಕೆ

ಮೂಲಚಿತ್ರವನ್ನು ಹುಡುಕುವ ಉತ್ಸಾಹದಲ್ಲಿ ಒಂದು ತಪ್ಪು ಸಂಭವಿಸಬಹುದು. ಒಂದೇ ಪದ ಕವಲೊಡೆದು ಹಲವು ಅರ್ಥ ಪಡೆಯುವುದು ಬೇರೆ; ಮೂಲತಃ ಬೇರೆಯಾದ ಎರಡು ಪದಗಳು ಕಾಲಾಂತರದಲ್ಲಿ ಒಂದೇ ರೂಪ ತಾಳುವುದು ಬೇರೆ. ಇಂಗ್ಲಿಷಿನಲ್ಲಿ ಕ್ರಿಕೆಟ್ಟಿನ ‘ಬ್ಯಾಟ್’ಗೂ ಬಾವಲಿಯೆಂಬ ಅರ್ಥದ ‘ಬ್ಯಾಟ್’ಗೂ ಮೂಲ ಬೇರೆ ಬೇರೆ. ಅವೆರಡನ್ನು ಒಂದೇ ಎಳೆಯಲ್ಲಿ ಪೋಣಿಸಹೊರಟರೆ ಕಟ್ಟುಕಥೆಯಾಗುತ್ತದೆ.

ನಮ್ಮ ‘ಹೊರೆ’ಯೇ ಇದಕ್ಕೆ ಒಳ್ಳೆಯ ನಿದರ್ಶನ. ತಲೆಯ ಮೇಲಿನ ಹೊರೆ ಹಳಗನ್ನಡದಲ್ಲಿ ‘ಪೊಱೆ’. ಪೋಷಿಸು, ಕಾಪಾಡು ಎಂಬ ಅರ್ಥದ್ದು ‘ಪೊರೆ’. ಶಕಟರೇಫ ಮರೆಯಾಗಿ, ಪಕಾರ ಹಕಾರವಾದ ಮೇಲೆ ಎರಡೂ ‘ಹೊರೆ’ಯಾಗಿ ಕೂಡಿಕೊಂಡವು. ‘ಹೊಟ್ಟೆ ಹೊರೆಯುವುದು’ ಎಂದರೆ ಹೊಟ್ಟೆಯ ಭಾರವನ್ನು ಹೊರುವುದೆಂದು ಇಂದು ಅನೇಕರು ತಿಳಿಯುತ್ತಾರೆ; ಅದು ಹೊಟ್ಟೆಯನ್ನು ಪೋಷಿಸುವುದು. ಆದ್ದರಿಂದ ಯಾವುದೇ ಪದದ ಅರ್ಥಗಳನ್ನು ಜೋಡಿಸುವ ಮೊದಲು ವ್ಯುತ್ಪತ್ತಿ ಕೋಶದಲ್ಲಿ ಅದು ಒಂದೇ ಪದವೋ ಎರಡೋ ಎಂಬುದನ್ನು ನೋಡಿಕೊಳ್ಳುವುದು ಅವಶ್ಯ.

6. ಅರ್ಥನಿರ್ಣಯದ ಬಗೆ

ಮೂಲಚಿತ್ರವು ನೆನಪಿಗೆ ಆಧಾರವೇ ಹೊರತು ನಿರ್ಣಯಕ್ಕೆ ಸಾಲದು. ‘ಚಾರ್ಜ್’ ಎಂದರೆ ಹೊರೆ ಎಂದು ಅರಿತ ಮಾತ್ರಕ್ಕೆ ಒಂದು ವಾಕ್ಯದಲ್ಲಿರುವುದು ಯಾವ ಹೊರೆ ಎಂಬುದು ತಿಳಿಯುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಚರ್ಚಿಸಿದ್ದಾನೆ. ಶಬ್ದದ ಅರ್ಥ ಸಂದಿಗ್ಧವಾದಾಗ ವಿಶೇಷಾರ್ಥವನ್ನು ಗೊತ್ತುಮಾಡುವ ಅಂಶಗಳನ್ನು ಆತನು ಪಟ್ಟಿ ಮಾಡಿದ್ದು, ಮಮ್ಮಟನಂತಹ ಆಲಂಕಾರಿಕರು ಅದನ್ನು ಸ್ವೀಕರಿಸಿದ್ದಾರೆ. ಸಂಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಶಬ್ದಾಂತರ ಸನ್ನಿಧಿ, ಔಚಿತ್ಯ, ದೇಶ, ಕಾಲ ಮೊದಲಾದವು ಅವು. ‘ಸೈಂಧವ’ವನ್ನು ತಾ ಎಂದು ಊಟದ ಹೊತ್ತಿನಲ್ಲಿ ಹೇಳಿದರೆ ಉಪ್ಪು, ಪ್ರಯಾಣದ ಹೊತ್ತಿನಲ್ಲಿ ಹೇಳಿದರೆ ಕುದುರೆ ಎಂಬುದು ಶಾಸ್ತ್ರದಲ್ಲಿ ಪ್ರಸಿದ್ಧವಾದ ಉದಾಹರಣೆ. ಈ ಅಂಶಗಳಲ್ಲಿ ಮೂರನ್ನು ನಮ್ಮ ಪದಕ್ಕೆ ಅನ್ವಯಿಸಿ ನೋಡೋಣ.

ಮೊದಲನೆಯದು ಶಬ್ದಾಂತರ ಸನ್ನಿಧಿ, ಅರ್ಥಾತ್ ನೆರೆಯ ಪದ. ಇಂಗ್ಲಿಷಿನಲ್ಲಿ ‘ಚಾರ್ಜ್’ ಪದದ ಹಿಂದುಮುಂದಿನ ಸಣ್ಣ ಪದಗಳನ್ನು ಗಮನಿಸಬೇಕು. ‘ಫಾರ್’ ಬಂದರೆ ಸಾಮಾನ್ಯವಾಗಿ ಹಣದ ಮಾತು. ‘ಅಟ್’ ಬಂದರೆ ನುಗ್ಗುವ ಮಾತು. ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವನು. ‘ಇನ್ ದ ಚಾರ್ಜ್ ಆಫ್’ ಎಂದರೆ ಮತ್ತೊಬ್ಬರ ವಶದಲ್ಲಿರುವವನು. ನಡುವಿನ ಒಂದು ‘ದ’ ಒಡೆಯನನ್ನು ಅಧೀನನನ್ನಾಗಿ ಮಾಡುತ್ತದೆ. ಅತ್ಯಂತ ಮೋಸಗೊಳಿಸುವುದು ‘ಚಾರ್ಜ್ಡ್ ವಿತ್’ ಎಂಬ ರಚನೆ. ಇದರ ಮುಂದೆ ಕರ್ತವ್ಯವಾಚಕ ನಾಮಪದ ಬಂದರೆ ಹೊಣೆ ವಹಿಸಿದಂತೆ. ಅಪರಾಧವಾಚಕ ಬಂದರೆ ಆರೋಪಿಸಿದಂತೆ. ಸಣ್ಣ ಪದ ಒಂದೇ ಆದುದರಿಂದ ಅದನ್ನು ನೋಡಿ ನಿಲ್ಲದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಾಮಪದವನ್ನು ನೋಡಬೇಕು. ಚೆನ್ನೈಯ ಆ ರಾತ್ರಿ ನಾವು ಎಡವಿದ್ದು ಈ ಹೆಜ್ಜೆಯಲ್ಲಿ. ‘ಸುರಕ್ಷತೆ’ ಎಂಬುದು ಅಪರಾಧವಲ್ಲ, ಕರ್ತವ್ಯ ಎಂಬುದನ್ನು ನಾವು ನೋಡಲಿಲ್ಲ. ಗೋದಾಮಿನ ಕೆಲಸ ಬಲ್ಲವರು ನೋಡಿದರು.

ಎರಡನೆಯದು ಪ್ರಕರಣ, ಅಂದರೆ ಮಾತಿನ ಸಂದರ್ಭ. ಬಸ್ ನಿಲ್ದಾಣದಲ್ಲಿ ಚಾರ್ಜು ಹಣ. ಪೊಲೀಸ್ ಠಾಣೆಯಲ್ಲಿ ಆರೋಪ. ನಿವೃತ್ತಿಯ ದಿನ ಕಚೇರಿಯಲ್ಲಿ ಅಧಿಕಾರ. ಆದರೆ ಪ್ರಕರಣವೂ ಒಳಭೇದಗಳಿಂದ ಕೂಡಿರುತ್ತದೆ. ತನಿಖೆ ಮುಗಿಸಿದ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ವರದಿಯನ್ನು ಜನರು ‘ಚಾರ್ಜ್‌ಷೀಟ್’ ಎನ್ನುತ್ತಾರೆ; ಅದನ್ನು ಪರಿಶೀಲಿಸಿ ನ್ಯಾಯಾಲಯವೇ ರೂಪಿಸುವುದು ‘ಚಾರ್ಜ್’. 1973ರ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಭೇದ ಉಳಿದಿದೆ. ಪೊಲೀಸರು ಚಾರ್ಜ್‌ಷೀಟ್ ಸಲ್ಲಿಸಿದ ಮಾತ್ರಕ್ಕೆ ನ್ಯಾಯಾಲಯವು ಚಾರ್ಜ್ ರೂಪಿಸಿತೆಂದು ಬರೆದರೆ, ವಿಚಾರಣೆಗೆ ಮುನ್ನ ಬಿಡುಗಡೆ ಹೊಂದಲು ಇರುವ ಅವಕಾಶವೊಂದನ್ನು ಅನುವಾದದಲ್ಲಿಯೇ ಅಳಿಸಿಹಾಕಿದಂತಾಗುತ್ತದೆ. ಇನ್ನು ನೌಕರನಿಗೆ ಆಡಳಿತವು ಕೊಡುವ ‘ಚಾರ್ಜ್ ಮೆಮೊ’ ಇವೆರಡೂ ಅಲ್ಲ. ಅದು ಶಿಸ್ತುಕ್ರಮದ ಮೊದಲ ಹಂತ, ಉತ್ತರ ಹೇಳಲು ನೀಡಿದ ಅವಕಾಶ.

ಮೂರನೆಯದು ವಿರೋಧ. ಭರ್ತೃಹರಿಯ ಪರಿಭಾಷೆಯನ್ನು ನಾವಿಲ್ಲಿ ಕೊಂಚ ಸಡಿಲಿಸಿ, ವಿರುದ್ಧ ಪದ ಯಾವುದು ಎಂಬ ಪರೀಕ್ಷೆಯಾಗಿ ಬಳಸುತ್ತೇವೆ. ಒಂದು ವಾಕ್ಯದ ಚಾರ್ಜಿಗೆ ವಿರುದ್ಧವಾದುದು ‘ಉಚಿತ’ ಎಂದಾದರೆ ಅದು ಶುಲ್ಕ. ಆರೋಪದ ಹೊರೆಯಿಂದ ಪಾರಾಗುವುದು, ಬ್ಯಾಟರಿ ಬರಿದಾಗುವುದು, ಸಾಲ ತೀರುವುದು, ಕರ್ತವ್ಯವನ್ನು ನೆರವೇರಿಸಿ ಮುಗಿಸುವುದು, ಹಡಗಿನಿಂದ ಸರಕು ಇಳಿಯುವುದು, ರೋಗಿಯು ಆಸ್ಪತ್ರೆಯಿಂದ ಮನೆಗೆ ತೆರಳುವುದು ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ‘ಡಿಸ್‌ಚಾರ್ಜ್’ ಎಂಬ ಒಂದೇ ಪದವಿದೆ. ಕನ್ನಡಿಗರಿಗೆ ಇವುಗಳಲ್ಲಿ ಪರಿಚಿತವಾದುದು ಆಸ್ಪತ್ರೆಯದು ಮಾತ್ರ. ಆದರೆ ಎಲ್ಲದರಲ್ಲೂ ಇರುವುದು ಹೊರೆ ಇಳಿಸುವ ಒಂದೇ ಕ್ರಿಯೆ. ಕರ್ತವ್ಯ ಮುಗಿಸಿದವನು ‘ಹೊರೆ ಇಳಿಯಿತು’ ಎಂದು ಕನ್ನಡದಲ್ಲಿ ಉಸಿರುಬಿಡುವಾಗ ಆತನಿಗೆ ಅರಿವಿಲ್ಲದೆಯೇ ಈ ಇಂಗ್ಲಿಷ್ ಪದದ ಅಕ್ಷರಶಃ ಅರ್ಥವನ್ನು ನುಡಿದಿರುತ್ತಾನೆ.

7. ನೆನಪಿಡುವ ಬಗೆ

ಹಳೆಯ ಕೋಶಕಾರರು ಕಂದವೃತ್ತಗಳಲ್ಲಿ ಅರ್ಥಗಳನ್ನು ಕಟ್ಟಿಟ್ಟರು. ಇಂದಿನ ವಿದ್ಯಾರ್ಥಿಗೆ ಛಂದಸ್ಸಿನ ಅಭ್ಯಾಸ ಕಡಿಮೆ. ಆದರೆ ಪ್ರಾಸದ ನೆನಪು ಕಡಿಮೆಯಾಗಿಲ್ಲ. ‘ಚಾರ್ಜ್’ ಪದದ ಅರ್ಥಗಳನ್ನು ನಾವು ಹಕಾರದ ಐದು ಕನ್ನಡ ಪದಗಳಲ್ಲಿ ಕೂಡಿಸಿ ಹೇಳಿಕೊಡುತ್ತ ಬಂದಿದ್ದೇವೆ: ಹೊಣೆ, ಹೊರಿಸು, ಹೇರು, ಹೊಗಿಸು, ಹಾಯು. ಹೊಣೆ ಎಂದರೆ ವಹಿಸಿಕೊಂಡ ಅಧಿಕಾರ. ಹೊರಿಸು ಎಂದರೆ ಆರೋಪ. ಹೇರು ಎಂದರೆ ಹಣದ, ತೆರಿಗೆಯ, ಋಣದ ಭಾರ. ಹೊಗಿಸು ಎಂದರೆ ವಿದ್ಯುತ್ತನ್ನಾಗಲಿ ಮದ್ದನ್ನಾಗಲಿ ಒಳಗೆ ತುಂಬುವುದು. ಹಾಯು ಎಂದರೆ ಹೋರಿ ಹಾಯುವಂತೆ ಮೇಲೆ ನುಗ್ಗುವುದು. ಇವು ಐದೂ ಹಳ್ಳಿಯ ಮಗುವಿಗೂ ತಿಳಿದ ಪದಗಳು. ಹೊಸ ಪದವನ್ನು ಹಳೆಯ ಗೂಟಕ್ಕೆ ಕಟ್ಟಿದರೆ ಅದು ಕಳೆದುಹೋಗುವುದಿಲ್ಲ.

ಇದಕ್ಕೆ ಒಂದು ಅಭ್ಯಾಸವನ್ನೂ ಸೇರಿಸಬೇಕು. ವಿದ್ಯಾರ್ಥಿಯು ಪ್ರತಿ ಅರ್ಥಕ್ಕೂ ತಾನು ಕಣ್ಣಾರೆ ಕಂಡ ಒಂದು ವಾಕ್ಯವನ್ನು, ಅದರ ನೆರೆಯ ಪದಗಳೊಡನೆ, ಬರೆದಿಟ್ಟುಕೊಳ್ಳಬೇಕು. ಬಸ್ಸಿನ ಚೀಟಿ, ವಿದ್ಯುತ್ ಬಿಲ್ಲು, ವರ್ಗಾವಣೆಯ ಆದೇಶ, ಪತ್ರಿಕೆಯ ಒಂದು ಸುದ್ದಿ ಇವೇ ಸಾಕು. ಬಿಡಿ ಅರ್ಥ ಮರೆತುಹೋಗುತ್ತದೆ. ಸಂದರ್ಭದೊಡನೆ ಬಂದ ಅರ್ಥ ಮರೆಯುವುದಿಲ್ಲ. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ಪ್ರಜಾವಾಣಿಯಲ್ಲಿ ನಡೆಸಿದ ‘ಇಗೋ ಕನ್ನಡ’ ಅಂಕಣ ಜನಪ್ರಿಯವಾದುದಕ್ಕೆ ಒಂದು ಕಾರಣ, ಅದು ಓದುಗರು ತಾವೇ ಎದುರಿಸಿದ ಪದಗಳಿಂದ ಹುಟ್ಟಿದ್ದು.

ಮುಂದೆ ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ಪರಿಷ್ಕರಿಸುವವರಿಗೆ ನಮ್ಮದೊಂದು ಸೂಚನೆಯಿದೆ. ನಾನಾರ್ಥವುಳ್ಳ ದಿನಬಳಕೆಯ ಪದಗಳಿಗೆ ಮೊದಲು ಮೂಲಚಿತ್ರವನ್ನು ಒಂದು ಸಾಲಿನಲ್ಲಿ ತಿಳಿಸಿ, ಅನಂತರ ಪ್ರತಿ ಅರ್ಥದ ಜೊತೆಗೆ ಅದರ ನೆರೆಯ ಪದವನ್ನೂ ವಿರುದ್ಧ ಪದವನ್ನೂ ಕೊಟ್ಟರೆ ನಿಘಂಟಿನ ಗಾತ್ರ ಹೆಚ್ಚಾದೀತು, ನಿಜ. ಆದರೆ ಓದುಗನು ಮೊದಲ ಅರ್ಥದಲ್ಲಿಯೇ ನಿಂತುಬಿಡುವುದು ತಪ್ಪೀತು. ಹೊರರಾಜ್ಯಗಳಲ್ಲಿರುವ ಸಂಶೋಧಕರು ತಾವಿರುವ ನಾಡಿನ ಭಾಷೆಯಲ್ಲಿ ಇದೇ ಪದ ಯಾವ ಚಿತ್ರಗಳನ್ನು ಪಡೆದಿದೆಯೆಂದು ಸಂಗ್ರಹಿಸಿದರೆ ಈ ಕಾರ್ಯಕ್ಕೆ ಬಹಳ ನೆರವಾಗುತ್ತದೆ.

8. ಸಮಾರೋಪ

ಪತ್ರದ ಕಥೆಯನ್ನು ಮುಗಿಸದೆ ಲೇಖನವನ್ನು ಮುಗಿಸುವುದು ಸರಿಯಲ್ಲ. ಮರುದಿನ ನಾವು ಗ್ರಂಥಾಲಯಕ್ಕೆ ಹೋಗಲಿಲ್ಲ. ಅವರು ಗೋದಾಮಿನಿಂದ ಗೇಟ್ ಪಾಸುಗಳ ಅಡಿಪ್ರತಿಗಳನ್ನು ತಂದರು. ಹದಿನಾಲ್ಕರಲ್ಲಿ ಒಂಬತ್ತು ಬ್ಯಾಟರಿಗಳು ಮಾರಾಟ ವಿಭಾಗಕ್ಕೆ ಹೋಗಿದ್ದುದಕ್ಕೆ ಸಹಿ ಇತ್ತು, ಐದಕ್ಕೆ ಇರಲಿಲ್ಲ. ದಾಸ್ತಾನಿನ ಹೊಣೆ ತನ್ನದೇ ಎಂದು ಮೊದಲ ವಾಕ್ಯದಲ್ಲಿ ಒಪ್ಪಿಕೊಂಡು, ನಿರ್ಲಕ್ಷ್ಯದ ಆರೋಪವನ್ನು ಎರಡನೆಯ ವಾಕ್ಯದಲ್ಲಿ ನಿರಾಕರಿಸಿ, ಒಂಬತ್ತರ ಲೆಕ್ಕವನ್ನು ಲಗತ್ತಿಸಿ ಅವರು ಗಡುವಿನೊಳಗೆ ಉತ್ತರ ಕೊಟ್ಟರು. ಐದು ಬ್ಯಾಟರಿಗಳ ಬೆಲೆಯನ್ನು ಅವರ ಸಂಬಳದಿಂದ ಕಂತುಗಳಲ್ಲಿ ಹಿಡಿದುಕೊಳ್ಳಲಾಯಿತು, ಕೆಲಸ ಉಳಿಯಿತು. ಹೊಣೆಯನ್ನೂ ಆರೋಪವನ್ನೂ ಬೇರೆಬೇರೆಯಾಗಿ ಓದಿದ್ದರಿಂದಲೇ ಆ ಉತ್ತರಕ್ಕೆ ಬೆಲೆ ಬಂದಿತೆಂದು ನಾವು ತಿಳಿದಿದ್ದೇವೆ.

ನಾನಾರ್ಥವೆಂಬುದು ಕವಿಗೆ ಶ್ಲೇಷದ ಸಂಪತ್ತು. ಕಾಗದ ಹಿಡಿದು ನಿಂತ ದುಡಿಯುವವನಿಗೆ ಅದು ಅಪಾಯ. ಮಧ್ಯಕಾಲೀನ ಕಾವ್ಯಗಳ ಶ್ಲೇಷವನ್ನು ಬಿಡಿಸಲು ನಾವು ಕಲಿತ ವಿದ್ಯೆಯನ್ನು ಈ ಎರಡನೆಯವನಿಗೂ ಒದಗಿಸುವುದು ಕನ್ನಡ ಅಧ್ಯಯನದ ಕಾರ್ಯಭಾರಕ್ಕೆ ಸೇರಿದ್ದು.